ಎರೆಮಣ್ಣು ಕೊನೆಗೂ ಕಾಳು ಬಿಟ್ಟಿತು

ಹಳೆಯ ಊರುಗಳ ಜನ ಏನು ಬೆಳೆದರು, ಏನು ತಿಂದರು ಎಂದು ತಿಳಿಯಲು ಪುರಾತತ್ವದವರು ಮಣ್ಣನ್ನು ನೀರಿಗೆ ಹಾಕಿ, ಅದರಲ್ಲಿರುವ ಸುಟ್ಟು ಕರಕಲಾದ ಕಾಳನ್ನು ತೇಲಿಸಿ ತೆಗೆಯುತ್ತಾರೆ. ಬಳ್ಳಾರಿ ಎರೆಮಣ್ಣಿನಲ್ಲಿ ಆ ಕೆಲಸ ಈಗ ದಾರಿಗೆ ಬಂತು. ಪರೀಕ್ಷೆಗೆಂದು ಹೊಲದ ಮಣ್ಣಿಗೆ ಬೆರೆಸಿದ ನೂರು ಕರಕಲು ಗಸಗಸೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೇಲಿನ ಜಾಲರಿಗೆ ಬಂದಿವೆ. ಜೋಡಣೆ ಸರಳ: ಬಕೆಟಿಗೆ ಪೈಪಿನಿಂದ ನೀರು ಹಾಯಿಸಿ, ತೇಲಿ ಬಂದದ್ದನ್ನು ಜಾಲರಿಯಲ್ಲಿ ಹಿಡಿಯುವುದು. ಇಷ್ಟು ದಿನ ತಲೆ ತಿಂದದ್ದು ನೀರು.

ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬಿಡಿಯಾಗುವುದಿಲ್ಲ. ಹೆಂಟೆಯ ಹೊರಗೆಲ್ಲ ಕೆಸರು, ಒಳಗೆ ಒಣಕಲು. ಕಾಳು ಅದರೊಳಗೇ ಸಿಕ್ಕಿಕೊಂಡು ತಳ ಸೇರುತ್ತದೆ. ಹಿಸುಕಿದರೆ ಕಾಳೇ ಪುಡಿ. ಬೋರ್‌ವೆಲ್ ನೀರು ಹಾಕಿದರೆ ಇನ್ನೂ ಕಷ್ಟ, ಏಕೆಂದರೆ ಗಡಸು ನೀರಿನ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಪರಿಹಾರ ಸಿಕ್ಕಿದ್ದು ಸಿವಿಲ್ ಎಂಜಿನಿಯರುಗಳ ಮಣ್ಣು ಪರೀಕ್ಷೆಯಲ್ಲಿ. ಮಣ್ಣಿನ ಕಣಗಳ ಗಾತ್ರ ಅಳೆಯುವ ಹೈಡ್ರೋಮೀಟರ್ ಪರೀಕ್ಷೆಗೆ, ಜೇಡಿ ಬಿಡಿಯಾಗಲೆಂದು, ಅವರು 33 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್, 7 ಗ್ರಾಂ ಸೋಡಿಯಂ ಕಾರ್ಬೊನೇಟನ್ನು ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ ಒಂದು ಲೀಟರ್ ಮಾಡುತ್ತಾರೆ. ಎರಡು ಕಿಲೋ ಮಣ್ಣಿಗೆ ಈ ದ್ರಾವಣ ಒಂದು ಲೀಟರ್ ಸಾಕು. ಮೇಲೆ ಮುಳುಗುವಷ್ಟು ಮಳೆನೀರು ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಹೆಂಟೆ ತಾನಾಗಿ ಗಂಜಿಯಾಗಿರುತ್ತದೆ. ಕಾಲನಿರ್ಣಯಕ್ಕೆ ಹೋಗುವ ಮಾದರಿಯಾದರೆ ಯಾವ ರಾಸಾಯನಿಕ ತಾಗಿದೆ ಎಂದು ಚೀಟಿಯಲ್ಲಿ ಬರೆಯಲೇಬೇಕು.

ಜಾಲರಿ ಮಾರುವವರ ಮಾತು ನಂಬಬೇಡಿ. 300 ಮೈಕ್ರಾನ್ ಎಂದು ಬಂದ ಬಟ್ಟೆಯ ಕಂಡಿ ಅದರ ದುಪ್ಪಟ್ಟಿತ್ತು. ಕಂಡಿ 0.3 ಮಿ.ಮೀ., ಎಳೆ 0.2 ಮಿ.ಮೀ. ಇದ್ದರೆ ಒಂದು ಸೆಂಟಿಮೀಟರಿಗೆ 20 ಎಳೆ ಸಿಗಬೇಕು. ಭೂತಗನ್ನಡಿ ಹಿಡಿದು ಎಣಿಸಿಯೇ ದುಡ್ಡು ಕೊಡಿ. ಕೊರಲೆ ದೊಡ್ಡ ಕಂಡಿಯಲ್ಲೂ ನಿಂತೀತು, ಕಳೆಯ ಬೀಜ ನಿಲ್ಲುವುದಿಲ್ಲ. ಹೊಲ ಹೇಗಿತ್ತು ಎಂದು ಹೇಳುವುದು ಆ ಕಳೆಯೇ.

ಒಣಗಿಸುವುದು ನೆರಳಲ್ಲಿ, ಬಟ್ಟೆ ಮೇಲೆ. ಬಿಸಿಲಿಗಿಟ್ಟರೆ ಕಾಳು ಸೀಳುತ್ತದೆ. ಹುರುಳಿ, ಹೆಸರು ಎಷ್ಟೋ ಸಲ ತೇಲದೆ ತಳದಲ್ಲೇ ಉಳಿಯುತ್ತವೆ. ತಳದ ಗಸಿಯನ್ನು ಪೂರ್ತಿ ಒಣಗಿಸಿ ಇನ್ನೊಮ್ಮೆ ತೇಲಿಸಿ. ಸುಟ್ಟ ಹೆಸರಿನ ಬೇಳೆಗೂ ಉದ್ದಿನ ಬೇಳೆಗೂ ವ್ಯತ್ಯಾಸ ಹೊರಗಿನಿಂದ ತಿಳಿಯದು. ಒಳಮೈಯಲ್ಲಿ ಎಳೆ ಮೊಳಕೆಯ ಅಚ್ಚು ನೋಡಿ: ಹೆಸರಿನಲ್ಲಿ ಉದ್ದ, ಉದ್ದಿನಲ್ಲಿ ಗಿಡ್ಡ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ಜನ ಕೊರಲೆ, ಹುರುಳಿ, ಹೆಸರು ತಿನ್ನುತ್ತಿದ್ದರು ಎಂದು ಇವತ್ತು ಹೇಳಲಾಗುವುದು ಸಸ್ಯಶಾಸ್ತ್ರದ ಇಂಥ ಕಣ್ಣಿನಿಂದ. (ಅಲ್ಲಿಂದ ಹಿಡಿ ಮಣ್ಣೂ ತರಬೇಡಿ. ಕಲಿಯಲು ಹೊಲದ ಮಣ್ಣು, ಮನೆಯಲ್ಲಿ ಸುಟ್ಟ ಕಾಳು ಸಾಕು.)

ಮುಂದಿನದು ಬೂದಿ. ಬಳ್ಳಾರಿ ಸೀಮೆಯ ಕುಡತಿನಿಯಂಥ ಬೂದಿದಿಬ್ಬ, ಅಂದರೆ ನವಶಿಲಾಯುಗದ ಬೂದಿಗುಡ್ಡೆ, ಸುಟ್ಟ ಸಗಣಿಯದೇ ಎಂದು ಪುರಾತತ್ವಜ್ಞ ಝಾಯ್ನರ್ 1960ರಲ್ಲಿ ಸೂಕ್ಷ್ಮದರ್ಶಕ ಹಿಡಿದು ತೋರಿಸಿದರು. ಅಂಥ ಬೂದಿಯಲ್ಲಿ ದನ ತಿಂದ ಮೇವಿನ ಗುರುತು ಹಿಡಿಯಲು ಕಲಿಯಬೇಕಾದರೆ, ಸುಟ್ಟು ನೋಡಲು ಮೇವು ಗೊತ್ತಿರುವ ದನದ ಕುಳ್ಳು ಬೇಕು: ಒಂದು ರಾಶಿ ಬರೀ ಜೋಳದ ಸೊಪ್ಪೆ ತಿಂದವುಗಳದ್ದು, ಇನ್ನೊಂದು ಭತ್ತದ ಹುಲ್ಲು ತಿಂದವುಗಳದ್ದು. ಭತ್ತದ ಎಲೆಯ ಬೀಸಣಿಗೆ ಆಕಾರದ ಸಿಲಿಕಾ ಕಣ ಬೂದಿಯಲ್ಲಿ ಎಷ್ಟು ಶಾಖದವರೆಗೆ ಉಳಿಯುತ್ತದೆ ಎಂಬುದೇ ಮೊದಲ ಪರೀಕ್ಷೆ. ಸಿಂಧನೂರು, ಗಂಗಾವತಿ ಕಡೆ ಬರೀ ಹುಲ್ಲು ಹಾಕುವ ಕೊಟ್ಟಿಗೆ ಗೊತ್ತಿದ್ದರೆ ತಿಳಿಸಿ. ಹಿಂಡಿ ಬೆರೆಸುವವರದು ಬೇಡ.