ಎಲ್ಲರ ಟ್ರಂಪೆಟ್, ಯಾರದ್ದೂ ಅಲ್ಲ

ಶಾಲೆಯ ಬ್ಯಾಂಡಿನ ವಾದ್ಯಗಳು ರಿಪೇರಿಗೆ ಬಂದಿವೆ. ಒಂದು ಟ್ರಂಪೆಟ್‌ನ ಮೌತ್‌ಪೀಸ್, ಅಂದರೆ ತುಟಿ ಇಟ್ಟು ಊದುವ ತುದಿ, ಪೈಪಿಗೆ ಕಚ್ಚಿಕೊಂಡು ಕೂತಿದೆ. ಅದನ್ನು ಬಿಡಿಸೋಕೆ ಅಂತಲೇ ಪುಲ್ಲರ್ ಇದೆ, ನಿಧಾನವಾಗಿ ತಿರುಗಿಸಿದರೆ ಟಕ್ ಅಂತ ಬಿಡುತ್ತದೆ. ಆದರೆ ಯಾರೋ ಆಗಲೇ ಇಕ್ಕಳ ಹಾಕಿ ಎಳೆದಾಡಿದ್ದಾರೆ, ಪೈಪೇ ತಿರುಚಿಕೊಂಡಿದೆ. ಇನ್ನೊಂದರಲ್ಲಿ ಎಷ್ಟು ಊದಿದರೂ ಗಾಳಿ ಸರಿಯಾಗಿ ಹೋಗಲ್ಲ. ಬಿಚ್ಚಿ ನೋಡಿದರೆ 1ನೇ ವಾಲ್ವ್ (ಬೆರಳಲ್ಲಿ ಒತ್ತಿ ಗಾಳಿಯ ದಾರಿ ಬದಲಿಸೋ ಭಾಗ) ಜಾಗದಲ್ಲಿ 3ನೇದು! ನಂಬರ್ ಕೊರೆದಿರೋದು ಸುಮ್ನೆ ಅಲ್ಲ ಅಲ್ವಾ? ಸ್ವಂತ ವಾದ್ಯವಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಎಣ್ಣೆ ಬಿಟ್ಟು ಒರೆಸಿ ಇಟ್ಟಿರುತ್ತಿದ್ದರು. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಊದೋದು ಕಲಿಸಿದ್ದಾರೆ, ಒರೆಸೋದು ಕಲಿಸಿಲ್ಲ. ಬೆಲ್, ಅಂದರೆ ವಾದ್ಯದ ಅಗಲ ಬಾಯಿ, ನೆಗ್ಗಿದ್ದರೆ ಒಳಗಿಂದ ಉಜ್ಜಿ ಸರಿ ಮಾಡಬಹುದು. ಹಿತ್ತಾಳೆಯ ಸತು ಹೊರಟುಹೋಗಿ ಕೆಂಪು ಚುಕ್ಕೆ ಎದ್ದ ಪೈಪಿಗೆ ಮಾತ್ರ ಪಾಲಿಶ್ ಹಾಕಿ ಉಪಯೋಗವಿಲ್ಲ. ಟ್ರಾಂಬೋನ್ ವಾದ್ಯದ ಸ್ಲೈಡ್ (ಹಿಂದೆ ಮುಂದೆ ಜಾರಿಸೋ ಪೈಪ್) ಇನ್ನೂ ಮುಟ್ಟಿಲ್ಲ. ಅದು ನಾಳೆಗೆ.