ಆರಿದ್ರಾ ಸಿಡಿದರೆ

ಆರಿದ್ರಾ ಮಳೆ ಹಿಡಿದರೆ ಮಡಿಕೇರಿಯಲ್ಲಿ ಎದುರಿನ ಸಿಲ್ವರ್ ಓಕ್ ಮರವೇ ಮಂಜಿನಲ್ಲಿ ಮಾಯ, ಇನ್ನು ನಕ್ಷತ್ರದ ಮಾತೆಲ್ಲಿ! ಆದರೆ ಆರಿದ್ರಾ ನಕ್ಷತ್ರ ಸಿಡಿದ ಸುದ್ದಿ ಇವತ್ತೇ ನಮ್ಮನ್ನು ಮುಟ್ಟಿದರೂ ಅದರ ನ್ಯೂಟ್ರಿನೋಗಳು (ಯಾವುದಕ್ಕೂ ಸುಲಭವಾಗಿ ಸಿಕ್ಕಿಬೀಳದ ಅತಿಸಣ್ಣ ಕಣಗಳು) ಮೋಡ, ಕಾಫಿ ತೋಟ, ಬ್ರಹ್ಮಗಿರಿ ಎಲ್ಲವನ್ನೂ ತೂರಿಕೊಂಡು ಹೋಗುತ್ತವೆ, ಬೆಳಕಿಗಿಂತ ಗಂಟೆಗಟ್ಟಲೆ ಮೊದಲೇ. ಸ್ಫೋಟದ ಶಕ್ತಿಯಲ್ಲಿ ಸುಮಾರು 99% ಹೊತ್ತೊಯ್ಯುವುದು ಇವೇ.

ನ್ಯೂಟ್ರಿನೋಗಳಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಎಂದು ಮೂರು ಬಗೆ. ನಕ್ಷತ್ರದಿಂದ ಹೊರಬರುವಷ್ಟರಲ್ಲಿ ಬಗೆ ಅದಲುಬದಲು. ನಕ್ಷತ್ರದ ತುಂಬ ಇರುವುದು ಎಲೆಕ್ಟ್ರಾನುಗಳು, ಹಾಗಾಗಿ ಅವುಗಳ ಪ್ರಭಾವ ಎಲೆಕ್ಟ್ರಾನ್ ನ್ಯೂಟ್ರಿನೋ ಮೇಲೆ ಹೆಚ್ಚು. ಸಾಂದ್ರತೆ ಇಳಿಯುತ್ತ ಬಂದು ಘನ ಸೆಂಟಿಮೀಟರಿಗೆ ಸಾವಿರಾರು ಗ್ರಾಂ ಇರುವಲ್ಲೊಮ್ಮೆ, ಹತ್ತಾರು ಗ್ರಾಂ ಇರುವಲ್ಲಿ ಮತ್ತೊಮ್ಮೆ ಅನುರಣನ, ಅಂದರೆ ಬಗೆ ಬದಲಾಗಲು ತಕ್ಕ ತಾಳ ಕೂಡುವ ಜಾಗ. ಸಾಂದ್ರತೆ ನಿಧಾನವಾಗಿ ಇಳಿದರೆ ಬದಲಾವಣೆ ಪೂರ್ತಿ. ಸ್ಫೋಟದ ಆಘಾತ ತರಂಗ ನುಗ್ಗಿ ಸಾಂದ್ರತೆ ತಟ್ಟನೆ ಜಿಗಿದರೆ ಅರ್ಧಂಬರ್ಧ. ತಿರುಳಿನ ಹತ್ತಿರದ್ದಂತೂ ನಿಜವಾದ ತಲೆನೋವು: ನ್ಯೂಟ್ರಿನೋಗಳೇ ಕಿಕ್ಕಿರಿದು, ಒಂದರ ಬಗೆ ಇನ್ನೊಂದನ್ನು ತಿರುಗಿಸಿ, ಗುಂಪುಗುಂಪಾಗಿ ಬದಲಾಗುತ್ತವೆ. ಸಮೀಕರಣ ಬರೆಯಬಹುದು, ಬಿಡಿಸುವುದು ಕಷ್ಟ.

1987ರಲ್ಲಿ ಕಂಡ ಬೇರೊಂದು ನಕ್ಷತ್ರದ ಸ್ಫೋಟದಲ್ಲಿ ಮೂರು ಪತ್ತೆಯಂತ್ರ ಸೇರಿ ಸಿಕ್ಕಿದ್ದು ಎರಡು ಡಜನ್‌ನಷ್ಟು ನ್ಯೂಟ್ರಿನೋ. ಈಗ ಜಪಾನಿನ ಸೂಪರ್-ಕಾಮಿಯೋಕಾಂಡೆ ಪತ್ತೆಯಂತ್ರದಲ್ಲಿ 50,000 ಟನ್ ನೀರು ಕಾಯುತ್ತಿದೆ. ಆ ನೀರು ಹೆಚ್ಚಾಗಿ ಹಿಡಿಯುವುದು ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೋವನ್ನು (ನ್ಯೂಟ್ರಿನೋದ ಪ್ರತಿಕಣ). ಅದರಲ್ಲಿ ಮ್ಯೂಆನ್, ಟೌ ಬಗೆಯಾಗಿ ಹುಟ್ಟಿ ವೇಷ ಬದಲಿಸಿದವೂ ಇರುತ್ತವೆ.