ಮಾತ್ರೆ ಮಾರುವವಳಿಗೆ ಭಾಷೆಯ ಹುಚ್ಚು ಹಿಡಿದರೆ

ಕಾರವಾರದ ಒಂದು ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಊರು ಶಿರಸಿ ಕಡೆ, ಮನೆಯಲ್ಲಿ ಹವ್ಯಕ ಮಾತು. ಭಾಷೆ ಕಲಿಯುವ ಹುಚ್ಚು ಇದ್ದವರು ಈ ಊರಿನ ಔಷಧಿ ಅಂಗಡಿಗೆ ಕೆಲಸಕ್ಕೆ ಸೇರಲೇಬಾರದು. ಸೇರಿದರೆ ಹುಚ್ಚು ವಾಸಿ ಆಗಲ್ಲ. ಸದಾಶಿವಗಡದಿಂದ ಬಿಪಿ ಮಾತ್ರೆಗೆ ಬರುವ ಅಜ್ಜಿಯದು ಕೊಂಕಣಿ. ನೌಕಾನೆಲೆ ಕಡೆಯಿಂದ ಬರುವವರದು ಹಿಂದಿ, ಪಂಜಾಬಿ, ಮಲಯಾಳಂ. ಬೈತಖೋಲ ಬಂದರಿನ ಬೋಟು ಹುಡುಗರಲ್ಲಿ ಕೆಲವರದು ಒಡಿಯಾ. ಭಟ್ಕಳದವರು ಬಂದರೆ ನಮ್ಮ ಹತ್ತಿರ ಕನ್ನಡವೋ ಹಿಂದಿಯೋ ಮಾತಾಡಿ ತಮ್ಮತಮ್ಮಲ್ಲಿ ತಮ್ಮ ನವಾಯತಿ ಭಾಷೆಗೆ ಹೋಗುತ್ತಾರೆ, ಆಗ ನಾನು ಇನ್‌ಹೇಲರ್ ಹುಡುಕುವ ನೆಪದಲ್ಲಿ ಇನ್ನೊಂದು ನಿಮಿಷ ಅಲ್ಲೇ ನಿಂತಿರುತ್ತೇನೆ. ಇನ್‌ಹೇಲರ್ ಕಣ್ಣೆದುರಿಗೇ ಇರುತ್ತೆ.

ಹುಚ್ಚು ಎಷ್ಟಿದೆ ಅಂತ ಗೊತ್ತಾಗುವುದು ಚಿಲ್ಲರೆ ಕೊಡುವಾಗ. ಬೇರೆಯವರು ನೋಟು ಎಣಿಸುತ್ತಾರೆ, ನಮ್ಮಂಥವರು ಓದುತ್ತೇವೆ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳು, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ: ಅಸ್ಸಾಮಿ ಮೊದಲು, ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು, ಉರ್ದು ಕೊನೆಗೆ. ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ, ಅದಕ್ಕಿಂತ ಹಳೆಯ ನೋಟಿನಲ್ಲಿ ಆ ಸಾಲು ಇರಲಿಲ್ಲ ಅಂತ ಗಿರಾಕಿಗೆ ವಿವರಿಸಿದ್ದೂ ಇದೆ. ಅವರು ಕೇಳಿದ್ದು ಹತ್ತು ರೂಪಾಯಿ ಚಿಲ್ಲರೆ.

ಇನ್ನೊಂದು ಲಕ್ಷಣ: ಮೊಬೈಲನ್ನು ಒಡಿಯಾಕ್ಕೆ ಬದಲಾಯಿಸಿ, ಆಮೇಲೆ ವಾಪಸ್ ಕನ್ನಡಕ್ಕೆ ತರುವ ಜಾಗ ಯಾವುದು ಅಂತ ಗೊತ್ತಾಗದೆ ಬೋಟು ಹುಡುಗರು ಬರುವವರೆಗೆ ಕಾಯುವುದು.

ಕೊಂಕಣಿಯದು ಬೇರೆಯದೇ ಕಥೆ. ಒಂದೇ ಭಾಷೆಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಅರಬ್ಬಿ ಅಂತ ಐದು ಲಿಪಿಗಳಲ್ಲಿ ಬರೆಯುತ್ತಾರೆ, ಅಂದರೆ ಹುಚ್ಚರಿಗೆ ಒಂದು ಭಾಷೆಯಲ್ಲಿ ಐದು ಹಬ್ಬ. ಜೊತೆಗೆ ಅದರಲ್ಲಿ ನಿರ್ಜೀವ ವಸ್ತುಗಳಿಗೂ ಗಂಡು, ಹೆಣ್ಣು, ನಪುಂಸಕ ಅಂತ ಲಿಂಗ ಇದೆ. ಕನ್ನಡದಲ್ಲಿ ಮೇಜು, ಕುರ್ಚಿ, ಮಾತ್ರೆ ಎಲ್ಲಾ ‘ಅದು’. ಇಲ್ಲಿ ಒಂದೊಂದನ್ನೂ ಕೇಳಿ ತಿಳಿಯಬೇಕು. ಹಾಗಂತ ಕೆಮ್ಮುತ್ತಾ ನಿಂತ ಅಜ್ಜಿಯನ್ನು “ಅಜ್ಜಿ, ಈ ಬಾಟಲಿ ಗಂಡೋ ಹೆಣ್ಣೋ” ಅಂತ ಕೇಳಬಾರದು. ಕೇಳಿದರೆ ಒಳಗಿನಿಂದ ಯಜಮಾನರ ಧ್ವನಿ ಬರುತ್ತೆ: “ಮೊದ್ಲು ಬಿಲ್ ಮಾಡು ಮಾರಾಯ್ತಿ!”

ತಮಾಷೆ ಇಷ್ಟು. ಈ ಕೆಲಸದಲ್ಲಿ ನಾನು ನಿಜವಾಗಿ ಕಲಿತದ್ದು ಬೇರೆ. ಉಚ್ಚಾರ ಚೆನ್ನಾಗಿದ್ದಷ್ಟೂ ತೊಂದರೆ ಜಾಸ್ತಿ. ತಪ್ಪುತಪ್ಪಾಗಿ ಒಂದು ಮಾತು ಕೇಳಿದರೆ ಎದುರಿನವರು ನಿಧಾನಕ್ಕೆ, ಕೈಸನ್ನೆ ಮಾಡಿ ಉತ್ತರ ಕೊಡುತ್ತಾರೆ. ಅದನ್ನೇ ಅವರ ಊರಿನವರ ಹಾಗೆ ಕೇಳಿಬಿಟ್ಟರೆ, ಇವಳಿಗೆ ಎಲ್ಲ ಬರುತ್ತೆ ಅಂದುಕೊಂಡು ಹೊಟ್ಟೆನೋವು ಶುರುವಾದ ಕಥೆಯನ್ನು ಬೋಟು ಹತ್ತಿದ ದಿನದಿಂದ ಹೇಳುತ್ತಾರೆ. ಕಲಿಯುವವರಿಗೆ ಬಾಯಿ ಬೇಗ ಬರುತ್ತೆ, ಕಿವಿ ಬರುವುದು ತಡ. ಮೆಡಿಕಲ್‌ನಲ್ಲಿ ಬೇಕಾಗಿರುವುದು ಕಿವಿ.

ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಯುವ ಓಆರ್‌ಎಸ್ ಪುಡಿಯ ಪೊಟ್ಟಣವನ್ನೇ ತಗೊಳ್ಳಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. 200 ಮಿಲಿಗೆ ಹಾಕುವ ಚಿಕ್ಕ ಪೊಟ್ಟಣವೂ ಬರುತ್ತೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪಿನಂಶ ಹೆಚ್ಚಾಗಿ ಅಪಾಯ, ನೀರು ಜಾಸ್ತಿಯಾದರೆ ಕುಡಿದೂ ಉಪಯೋಗ ಇಲ್ಲ. ಪುಡಿಗೆ ನೀರು ಬೆರೆಸಿ ಕೊಡುವ ಮಕ್ಕಳ ಡ್ರೈ ಸಿರಪ್ ಕೂಡ ಹಾಗೇ: ಕಾಯಿಸಿ ಆರಿಸಿದ ನೀರು, ಬಾಟಲಿ ಮೇಲಿನ ಗೆರೆವರೆಗೆ ಮಾತ್ರ, ಚೆನ್ನಾಗಿ ಅಲ್ಲಾಡಿಸಬೇಕು. ಇದನ್ನು ನಾನು ಎಷ್ಟು ಚಂದದ ಒಡಿಯಾದಲ್ಲಿ ಹೇಳಿದೆ ಅನ್ನುವುದಕ್ಕೆ ಬೆಲೆ ಇಲ್ಲ. ಹೇಳಿಯಾದ ಮೇಲೆ “ಈಗ ನೀವು ಹೇಳಿ, ಹೇಗೆ ಮಾಡ್ತೀರಿ?” ಅಂತ ಕೇಳಬೇಕು. ಅವರು ತಮ್ಮ ಭಾಷೆಯಲ್ಲೇ ತಿರುಗಿ ಹೇಳಲಿ, ಖಾಲಿ ಬಾಟಲಿ ಕೊಟ್ಟರೆ ಮಾಡಿ ತೋರಿಸಲಿ. ಒಬ್ಬ ಹುಡುಗ ಎಲ್ಲದಕ್ಕೂ ತಲೆ ಅಲ್ಲಾಡಿಸಿ, ತಿರುಗಿ ಹೇಳು ಅಂದಾಗ ಕೌಂಟರ್ ಮೇಲಿದ್ದ ಟೀ ಲೋಟ ತೋರಿಸಿದ. ನಾನು ಕುಡಿಯುವ ನೀರಿನ ಬಾಟಲಿ ತಂದು ಅವನ ಮುಂದಿಟ್ಟೆ. ಆಗ ಸರಿಹೋಯಿತು.

ಈಗ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಕುಶಲ ವಿಚಾರಿಸುವುದು ಯಾವ ಭಾಷೆಯಲ್ಲಾದರೂ ಆಗಲಿ, ಡೋಸ್ ಹೇಳುವುದು ಇಬ್ಬರಿಗೂ ಸರಿಯಾಗಿ ಬರುವ ಭಾಷೆಯಲ್ಲಿ ಮಾತ್ರ. ಅಂಥದ್ದು ಇಲ್ಲದಿದ್ದರೆ ಅವರ ಜೊತೆಯವರಿಗೆ ಫೋನ್ ಹಚ್ಚುವುದು. ಕವರ್ ಮೇಲೆ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತೆ ಅಂತಿಲ್ಲ, ಅದಕ್ಕೇ ಸೂರ್ಯ, ಚಂದ್ರ, ಅನ್ನದ ತಟ್ಟೆ ಬಿಡಿಸುತ್ತೇನೆ. ನನ್ನ ಚಂದ್ರ ನೋಡಿ ಬಾಳೆಹಣ್ಣು ಅಂದವರೂ ಇದ್ದಾರೆ.

ಹೊಸ ಭಾಷೆ ಶುರು ಮಾಡುವಾಗ ನಾನೀಗ ನಮಸ್ಕಾರದಿಂದ ಶುರು ಮಾಡುವುದಿಲ್ಲ. ಒಂದರಿಂದ ನಾಲ್ಕು, ಬೆಳಿಗ್ಗೆ, ರಾತ್ರಿ, ಊಟಕ್ಕೆ ಮುಂಚೆ, ಊಟ ಆದ ಮೇಲೆ. ಇವು ಕಿವಿಗೆ ಬಿದ್ದ ಕೂಡಲೇ ತಿಳಿಯಬೇಕು. ದುಡ್ಡಿನ ಲೆಕ್ಕ ಕ್ಯಾಲ್ಕುಲೇಟರ್ ತೋರಿಸಿದರೆ ಮುಗಿಯಿತು, ಯಾಕಂದ್ರೆ ಹಿಂದಿ, ಮರಾಠಿ, ಕೊಂಕಣಿಗಳಲ್ಲಿ ನೂರರವರೆಗಿನ ಸಂಖ್ಯೆಗಳನ್ನು ಹೆಚ್ಚುಕಮ್ಮಿ ಒಂದೊಂದಾಗಿ ಬಾಯಿಪಾಠ ಮಾಡಬೇಕು, ಕನ್ನಡದ ಹಾಗೆ ಇಪ್ಪತ್ತಕ್ಕೆ ಐದು ಸೇರಿಸಿದರೆ ಆಗಲ್ಲ. ಒಡಿಯಾದಲ್ಲಿ ಒಂದು ಸುಖ ಇದೆ, ಹಿಂದಿಯ ‘ಘರ್’ ಅಲ್ಲಿ ‘ಘೊರೊ’. ಕೊನೆಯ ಸ್ವರ ನುಂಗಲ್ಲ, ನಮ್ಮ ಬಾಯಿಗೆ ಆರಾಮ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್, ಹುಡುಗರು ಊರಿಗೆ ಹೋಗಿಬಿಡುತ್ತಾರೆ. ಆಗಸ್ಟ್ ಬರುವ ಹೊತ್ತಿಗೆ ನನಗೆ ಅರ್ಧ ಮರೆತಿರುತ್ತೆ.

ಸದ್ಯಕ್ಕೆ ಟಿಬೆಟನ್ ಕಡೆ ಕಣ್ಣು ಬಿದ್ದಿದೆ. ನಮ್ಮ ಜಿಲ್ಲೆಯ ಮುಂಡಗೋಡದಲ್ಲೇ 1966ರಿಂದ ಟಿಬೆಟನ್ನರ ಕ್ಯಾಂಪ್ ಇದೆ, ಅಷ್ಟು ಹತ್ತಿರ ಇಟ್ಟುಕೊಂಡು ಕಲಿಯದಿದ್ದರೆ ಹೇಗೆ ಅಲ್ವಾ? ಅಲ್ಲಿಂದ ಯಾರಾದರೂ ನಮ್ಮ ಅಂಗಡಿಗೆ ಬರಲಿ ಅಂತ ಕಾಯ್ತಾ ಇದ್ದೇನೆ. ಕಾಯಿಲೆ ಬೀಳಲಿ ಅಂತ ಅಲ್ಲ ಮತ್ತೆ. ಸುಮ್ನೆ ಬೀಚ್ ನೋಡೋಕೆ ಬಂದವರು ಬ್ಯಾಂಡೇಡ್ ಕೇಳಿದರೂ ಸಾಕು.